ಬೊಗಸೆಯ ಪಾಠ

ನಾಟಕದಲ್ಲಿ ನೀರು ಬೇಡುವ ಹುಡುಗಿಯ ಪಾರ್ಟನ್ನು ಮಲ್ಕಮ್ಮನಿಂದ ತೆಗೆದು ತುಳಜಾಬಾಯಿಗೆ ಕೊಟ್ಟರು. ಮಲ್ಕಮ್ಮ ಆಗ ಶಾಲೆಯ ಕಿಟಕಿಯ ಹೊರಗೆ ನಿಂತಿದ್ದಳು. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಆ ಹುಡುಗಿ ಭಾಳ ಚಲೋ ಮಾಡ್ತಾಳ್ರಿ," ಎನ್ನುತ್ತಿದ್ದರು ಗುಂಡೇರಾಯರು. ಮಾಸ್ತರರಿಗೆ ಟ್ರೇನಿಂಗ್ ಕೊಡಲು ಕಲಬುರಗಿಯಿಂದ ಬಂದವರು ಅವರು.

"ಚಲೋ ಮಾಡ್ತಾಳ, ಇಲ್ಲಂದವರ್ಯಾರು?" ಹೆಡ್‌ಮಾಸ್ತರ ಧರ್ಮಣ್ಣ ದನಿ ಸಣ್ಣದು ಮಾಡಿದರು. "ಆದ್ರ ಆಕಿ ಕೆಳಗೇರಿಯಾಕಿ. ಹೊರಗ ಪಡಸಾಲ್ಯಾಗ ಕುಂತು ಕಲಿಯೂ ಹುಡುಗಿ. ಆಕಿನ್ನ ಒಳಗ ಕರಕೊಂಡ್ರ ನಾಳಿಂದ ಒಂದು ಕೂಸೂ ಸಾಲಿಗೆ ಬರಂಗಿಲ್ಲ. ನಿಮ್ಮ ಟ್ರೇನಿಂಗಿನ ಜ್ವಾಳ, ಬ್ಯಾಳಿ ಎಲ್ಲಾ ಚಂದ್ರಾಮಪ್ಪ ಗೌಡ್ರ ಮನಿಯಿಂದ ಬರಾಕತ್ತದ. ಅವರ ಮಗಳು ತುಳಜಾಬಾಯಿ ಇದ್ದಾಳಲ್ರಿ, ಆಕಿಗೆ ಕೊಡ್ರಿ."

"ಅಲ್ರೀ, ನಾಟಕ ಇರೋದೇ ಅದರ ಮ್ಯಾಲ. ಎಲ್ಲಾರೂ ಒಂದೇ ಅಂತ..."

"ನಾಟಕದಾಗ ಎಲ್ಲಾರೂ ಒಂದೇ ಅನ್ರಿ. ಬ್ಯಾಡ ಅಂದವರ್ಯಾರು?"

ಹಿಂದಿನ ಸಾಲಿನಲ್ಲಿದ್ದ ಖಾದರಸಾಬ ಮಾಸ್ತರರು ಎದ್ದು ನಿಂತರು. ಈ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದವರು. "ಸಾಹೇಬ್ರ, ಆ ಹುಡುಗೀನ ಮಾಡ್ಲಿ ಬಿಡ್ರಿ. ಗೌಡ್ರಿಗೆ ಬೇಕಾದ್ರ ನಾ ಹೇಳ್ತೇನಿ..."

"ನೀವು ಕೂಡ್ರಿ ಖಾದರಸಾಬ," ಎಂದರು ಧರ್ಮಣ್ಣ. "ನಿಮ್ಮ ಮಾತು ನಡಿಯೂ ಕಾಲ ಹೋತು. ನಿಮ್ಮನ್ನ ಇಲ್ಲಿ ಇಟಗೊಂಡದ್ದೇ ದೊಡ್ಡದು."

ನಿಜಾಮರ ರಾಜ್ಯ ಹೋಗಿ ಒಂದು ಸುಗ್ಗಿಯೂ ಆಗಿರಲಿಲ್ಲ. ಶಾಲೆಯ ಉರ್ದು ಬೋರ್ಡಿಗೆ ಸುಣ್ಣ ಬಳಿದು ಕನ್ನಡದಲ್ಲಿ ಹೆಸರು ಬರೆದಿದ್ದರು. ಸುಣ್ಣದ ಅಡಿಯಿಂದ ಹಳೆಯ ಅಕ್ಷರ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅಂದಿನಿಂದ ಖಾದರಸಾಬರು ದನಿಯೆತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಈಗಲೂ ಅವರು ತಲೆ ತಗ್ಗಿಸಿ ಕೂತರು.

ಮಲ್ಕಮ್ಮ ಕಿಟಕಿಯ ಸರಳು ಬಿಟ್ಟಳು. ಅಂಗೈಗೆ ತುಕ್ಕು ಹತ್ತಿತ್ತು.

ಎರಡು ದಿನದ ಹಿಂದೆ ಇದೇ ಕಿಟಕಿಯಲ್ಲಿ ಅವಳು ಬಿದ್ದು ಬಿದ್ದು ನಕ್ಕಿದ್ದಳು. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಮಾಸ್ತರರು ಬಂದಿಳಿದಿದ್ದರು. ರುಮಾಲು ಸುತ್ತಿದವರು, ಕೋಟು ತೊಟ್ಟವರು, ಹೊಟ್ಟೆ ಬಂದವರು, ಬೆತ್ತ ಬಿಟ್ಟು ಇರಲಾರದವರು. ಗುಂಡೇರಾಯರು ಅವರ ಬೆತ್ತಗಳನ್ನೆಲ್ಲ ಇಸಿದುಕೊಂಡು ಮೂಲೆಗಿಟ್ಟರು.

"ಹುಡುಗರಿಗೆ ಬರೀ ಬಾಯಿಪಾಠ ಮಾಡಿಸಿದ್ದು ಸಾಕು. ಇನ್ನ ನಾಟಕ ಆಡಿಸಿ ಕಲಿಸಬೇಕು. ಅದಕ್ಕ ಮೊದಲ ಮಾಸ್ತರ ಕೂಸಾಗಬೇಕು. ಏಳ್ರಿ, ಎಲ್ಲಾರೂ ಕಾಗಿ ಆಗ್ರಿ!"

ಮಾಸ್ತರರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಧೋತರ ಎತ್ತಿ ಕಟ್ಟಿ ಕಾ ಕಾ ಎಂದು ಕುಪ್ಪಳಿಸಿದರು. ಧರ್ಮಣ್ಣ ಮಾಸ್ತರರು ಮಾತ್ರ ಕೊಕ್ಕು ಬಿಗಿ ಹಿಡಿದುಕೊಂಡು, ಪಗಾರ ಸಿಗದ ಕಾಗೆಯ ಹಾಗೆ ಹೆಜ್ಜೆ ಹಾಕಿದರು.

ಹೊರಗೆ ಮಲ್ಕಮ್ಮ ಅದನ್ನೇ ಮಾಡಿ ತೋರಿಸುತ್ತಿದ್ದಳು. ಕುತ್ತಿಗೆ ಹಿಂದಕ್ಕೆ, ಹೊಟ್ಟೆ ಮುಂದಕ್ಕೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗುಂಡೇರಾಯರು ಕಿಟಕಿಯಿಂದ ಅದನ್ನು ಕಂಡರು.

"ಏ ಹುಡುಗಿ! ನಿನ್ನ ಹೆಸರೇನವಾ?"

"ಮಲ್ಕಮ್ಮ ರಿ."

"ನಮ್ಮ ನಾಟಕದಾಗ ನೀನ ಮುಖ್ಯ. ನೀರು ಬೇಡೂ ಹುಡುಗಿ. ತಿಳೀತಿಲ್ಲೋ?"

ತಿಳಿದಿತ್ತು. ಆ ರಾತ್ರಿ ಅವ್ವನಿಗೆ ಕಾಗೆಯಿಂದ ಹಿಡಿದು ರಾಯರವರೆಗೆ ಎಲ್ಲರ ನಕಲು ಮಾಡಿ ತೋರಿಸಿದ್ದಳು.

ಈಗ ಗುಂಡೇರಾಯರು ಪಡಸಾಲೆಗೆ ಬಂದು ಅವಳ ಮುಂದೆ ನಿಂತರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದೇ ಮಲ್ಕಮ್ಮನಿಗೆ ಹೆಚ್ಚು ಕೆಟ್ಟದೆನಿಸಿತು.

"ನೋಡವಾ, ನೀ ಶ್ಯಾಣೇಕಿ ಇದ್ದಿ. ತುಳಜಾಬಾಯಿಗೆ ಆ ಪಾರ್ಟು ಬರಂಗಿಲ್ಲ. ಹೆಂಗ ನಿಂದರಬೇಕು, ಹೆಂಗ ನೀರು ಬೇಡಬೇಕು, ನೀ ಆಕಿಗೆ ಕಲಿಸು. ಚಂದಂಗ ಕಲಿಸಿದಿ ಅಂದ್ರ ನಾಟಕದ ದಿನ ನಿನ್ನ ಒಳಗ ಕೂಡಸ್ತೇನಿ. ಎಲ್ಲಾರಕಿಂತ ಮುಂದ."

"ಒಳಗ ರಿ? ಚಾಪಿ ಮ್ಯಾಲ?"

"ಹೂಂ, ಚಾಪಿ ಮ್ಯಾಲ."

ಪಡಸಾಲೆಯಿಂದ ಕರಿಹಲಗೆಯ ಒಂದು ಮೂಲೆಯಷ್ಟೇ ಕಾಣುತ್ತಿತ್ತು. ಮಾಸ್ತರರು ಆ ಮೂಲೆಯಲ್ಲಿ ಬರೆದದ್ದನ್ನು ಮಾತ್ರ ಮಲ್ಕಮ್ಮ ಕಲಿತಿದ್ದಳು. ಅವಳು ಹೂಂ ಎಂದಳು.

ತುಳಜಾಬಾಯಿ ಮಧ್ಯಾಹ್ನ ಬಂದಳು. ಪಡಸಾಲೆಯ ಮೇಲೆ ಅವಳು, ಕೆಳಗೆ ಅಂಗಳದಲ್ಲಿ ಮಲ್ಕಮ್ಮ.

"ಮಲ್ಕಿ, ನೋಡಬೇ. ಹಿಂಗೇನು?" ತುಳಜಾಬಾಯಿ ಎಡಗೈ ಮೇಲೆ ಬಲಗೈ ಇಟ್ಟು, ಅಂಗೈ ಸ್ವಲ್ಪ ಗುಳಿ ಮಾಡಿ, ಎದೆಗೆ ಸರಿಯಾಗಿ ಹಿಡಿದಳು. ಕಣ್ಣು ಮುಚ್ಚಿದಳು.

ಮಲ್ಕಮ್ಮನಿಗೆ ನಗು ಬಂತು. "ಅಯ್ಯ, ಅದು ತೀರ್ಥ ತಗೊಳೂ ಕೈ! ಸ್ವಾಮಿಗಳ ಮುಂದ ಹಿಡಿಯೂದು. ನೀರು ಬೇಡೂ ಕೈ ಹಂಗಿರಂಗಿಲ್ಲ."

"ಮತ್ತ ಹೆಂಗ?"

"ಬೊಗಸಿ ಮಾಡು. ಬಾಯಿಗೆ ಹಚ್ಚು. ಬಗ್ಗು. ಇನ್ನಷ್ಟು ಬಗ್ಗು. ಮೊಣಕೈ ಅಗಲ ಮಾಡು, ಇಲ್ಲಂದ್ರ ನೀರೆಲ್ಲಾ ಪರಕಾರದ ಮ್ಯಾಲ ಬೀಳ್ತದ."

"ಹಿಂಗ ಬಗ್ಗಿದ್ರ ನೀರು ಹಾಕಾವ್ರ ಮಾರಿ ಕಾಣಂಗಿಲ್ಲಲ್ಲ."

"ಮಾರಿ ನೋಡಬಾರದು. ಮ್ಯಾಲ ನೋಡಿದ್ರ ಸಾಕಾತು ಅಂತ ತಿಳದು ನಿಂದರಸ್ತಾರ. ಸುರ್ರ್ ಅಂತ ಸಪ್ಪಳ ಮಾಡಕೋತ ಕುಡಿ. ಇನ್ನಾ ಬೇಕು ಅಂತ ಅವರಿಗೆ ತಿಳೀತದ. ಬಾಯಿಬಿಟ್ಟು ಕೇಳಬಾರದು."

"ಮೂಗಿನ್ಯಾಗ ನೀರು ಹೋದ್ರ?"

"ಕೆಮ್ಮಬಾರದು. ತಂಬಗಿಗೆ ಸಿಡೀತದ. ಆಮ್ಯಾಲ ಆ ತಂಬಗಿನ ಹುಣಸಿಹಣ್ಣು ಹಚ್ಚಿ ತಿಕ್ಕತಾರ, ನಿನಗ ಬೈತಾರ."

ತುಳಜಾಬಾಯಿ ಕಣ್ಣರಳಿಸಿ ನೋಡಿದಳು. "ಎಷ್ಟೊಂದು ಅದಲ್ಲಬೇ! ಇಷ್ಟೆಲ್ಲಾ ನಿನಗ ಯಾರು ಕಲಿಸಿದ್ರು?"

ಮಲ್ಕಮ್ಮ ಬೆರಳು ಮಡಿಚಿ ಎಣಿಸಿದಳು. ಅಕ್ಷರ ಕಲಿಸಿದವರು ಖಾದರಸಾಬ ಮಾಸ್ತರರು. ಅವರೇ ಅವಳನ್ನು ಶಾಲೆಗೆ ಕರೆತಂದವರು. ರೊಟ್ಟಿ ಬಡಿಯಲು ಕಲಿಸಿದವಳು ಅವ್ವ. ಇದನ್ನು ಕಲಿಸಿದವರು ಯಾರು?

ಸಂಜೆ ಅವ್ವ ನಿಂಬೆವ್ವ ಗೌಡರ ದನದ ಕೊಟ್ಟಿಗೆ ಬಳಿದು ಬಂದು ಒಲೆ ಹಚ್ಚಿದಳು. ಮಲ್ಕಮ್ಮ ಅವಳ ಮಗ್ಗುಲಲ್ಲಿ ಕೂತು ಕೇಳಿದಳು.

"ಯವ್ವಾ, ನೀರು ಕುಡಿಯೂದು ನನಗ ಯಾರು ಕಲಿಸಿದ್ರು?"

"ಇದೇನು ಪ್ರಶ್ನಿ ಬೇ?"

"ಬೊಗಸ್ಯಾಗ ಕುಡಿಯೂದು."

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ನಾನ ಕಲಿಸೇನಿ. ನೀ ಇನ್ನಾ ತಪ್ಪುಹೆಜ್ಜಿ ಇಡಾಕತ್ತಿದ್ದಿ. ಗೌಡ್ರ ಬಾವಿಕಟ್ಟಿ ಮ್ಯಾಲಿನ ಕೊಡ ಮುಟ್ಟಾಕ ಹೋದಿ. ಅವರು ಹೊಡಿಯೂಕಿಂತ ಮೊದಲ ನಾನ ಹೊಡದೆ. ನೀ ಅಳಾಕತ್ತಿ. ಅಳೂ ಕೈಗಳನ್ನ ಹಿಡದು, ಹಿಂಗ, ಬೊಗಸಿ ಮಾಡಿದೆ."

"ನಿನಗ?"

"ನಮ್ಮವ್ವ."

"ಆಕಿಗೆ?"

"ರೊಟ್ಟಿ ಹೊತ್ತತದ. ಸುಮ್ಮನ ಕೂಡು."

ಹಂಚಿನ ಮೇಲೆ ರೊಟ್ಟಿಯೇ ಇರಲಿಲ್ಲ.

ನಾಟಕದ ದಿನ ಅವಳು ಒಗೆದ ಪರಕಾರ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಎಲ್ಲರಿಗಿಂತ ಮೊದಲು ಬಂದಳು. ಪಡಸಾಲೆ ಹತ್ತಿ ಬಾಗಿಲ ಬಳಿ ನಿಂತಳು. ಒಳಗೆ ಚಾಪೆ ಹಾಸಿದ್ದರು.

ಧರ್ಮಣ್ಣ ಮಾಸ್ತರರು ಅಡ್ಡ ಬಂದರು. "ಎಲ್ಲಿ ಹೊಂಟಿ?"

"ಸಾಹೇಬ್ರು ಒಳಗ ಕೂಡಸ್ತೇನಂದಿದ್ರಿ."

ಧರ್ಮಣ್ಣ ಹಿಂತಿರುಗಿ ನೋಡಿದರು. ಗುಂಡೇರಾಯರು ಪರದೆಯ ಹಗ್ಗ ಬಿಗಿಯುತ್ತಿದ್ದರು. ಮುಂದಿನ ಕುರ್ಚಿಯಲ್ಲಿ ಚಂದ್ರಾಮಪ್ಪ ಗೌಡರು ಕೂತಿದ್ದರು.

"ಇವತ್ತ ಬ್ಯಾಡವಾ," ಎಂದರು ರಾಯರು, ಹಗ್ಗ ನೋಡುತ್ತಲೇ. "ಜಾಗಾ ಇಲ್ಲ. ಕಿಟಕ್ಯಾಗಿಂದ ಚಲೋ ಕಾಣತದ."

ಚಾಪೆ ಅರ್ಧ ಖಾಲಿ ಇತ್ತು.

ಕಿಟಕಿಯ ಹೊರಗೆ ಬಿಸಿಲು. ನಾಟಕ ಶುರುವಾಗಲು ತಡವಾಯಿತು. ಮಲ್ಕಮ್ಮನ ಗಂಟಲು ಒಣಗಿತು. ಶಾಲೆಗೆ ನೀರು ತುಂಬುವ ಗಂಗುಬಾಯಿ ಒಳಗಿನ ಕೆಲಸದಲ್ಲಿದ್ದಳು. ಅವಳು ಹೊರಗೆ ಬಾರದೆ ಮಲ್ಕಮ್ಮನಿಗೆ ನೀರಿಲ್ಲ. ಕೊಡ ಅಲ್ಲೇ ಪಡಸಾಲೆಯ ಮೂಲೆಯಲ್ಲಿ ಒದ್ದೆ ಬಟ್ಟೆ ಹೊದ್ದು ಕೂತಿತ್ತು.

ಒಳಗೆ ತುಳಜಾಬಾಯಿ ಹರಕು ಸೀರೆಯ ತುಂಡು ಸುತ್ತಿಕೊಂಡು ಬಂದಳು. ಕೆನ್ನೆಗೆ ಬೂದಿ ಹಚ್ಚಿದ್ದರು. ಕಾಲಲ್ಲಿ ಬೆಳ್ಳಿ ಗೆಜ್ಜೆ ಹಾಗೇ ಇತ್ತು. ಬಗ್ಗಿದಳು. ಬೊಗಸೆ ಬಾಯಿಗೆ ಹಚ್ಚಿದಳು. ಮೊಣಕೈ ಅಗಲ ಮಾಡಿದಳು. ಮೇಲೆ ನೋಡಲಿಲ್ಲ. ಸುರ್ರ್ ಎಂದು ಕುಡಿದಳು.

ಮಲ್ಕಮ್ಮ ಸರಳು ಹಿಡಿದುಕೊಂಡಳು. ಒಳಗೆ ಬಗ್ಗಿದ್ದು ಅವಳದೇ ಬೆನ್ನು, ಅವ್ವನದೇ ಬೆನ್ನು. ಅದನ್ನು ಈವರೆಗೆ ಅವಳು ಹೊರಗಿನಿಂದ ನೋಡಿರಲಿಲ್ಲ.

ಕೊನೆಗೆ ನಾಟಕದ ಹುಡುಗನೊಬ್ಬ ಓಡಿಬಂದು "ತಂಗೀ, ನಾವೆಲ್ಲರೂ ಒಂದೇ! ಈ ನೀರು ನಿನ್ನದೂ ಹೌದು!" ಎಂದು ಹಿತ್ತಾಳೆಯ ತಂಬಿಗೆ ಕೊಟ್ಟ. ತುಳಜಾಬಾಯಿ ತಂಬಿಗೆಗೆ ತುಟಿ ಹಚ್ಚಿ ಗಟಗಟ ಕುಡಿದಳು. ಮಾಸ್ತರರು ಚಪ್ಪಾಳೆ ತಟ್ಟಿದರು. ಗೌಡರು ಕಣ್ಣೊರೆಸಿಕೊಂಡರು. ಖಾದರಸಾಬರು ಕಿಟಕಿಯ ಕಡೆ ನೋಡಿ, ಕೂಡಲೇ ಕಣ್ಣು ತಿರುಗಿಸಿದರು.

"ನೋಡಿದ್ರಲ್ಲ?" ಗುಂಡೇರಾಯರು ಹಿಗ್ಗಿಹೋಗಿದ್ದರು. "ಈ ಪಾಠ ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಾ ಕಡೆ ಆಗಬೇಕು. ನಿಮ್ಮ ನಿಮ್ಮ ಸಾಲ್ಯಾಗ ನೀವ ಆಡಸಬೇಕು."

ಒಬ್ಬ ದಪ್ಪ ಮಾಸ್ತರರು ಎದ್ದರು. "ನಮ್ಮ ಸಾಲ್ಯಾಗ ಇದನ್ನ ಹುಡುಗ್ರಿಗೆ ಹೇಳಿಕೊಡಾವ್ರು ಯಾರ್ರಿ? ಆ ಬಗ್ಗೂದು, ಆ ಬೊಗಸಿ, ನಮಗ ಬರಂಗಿಲ್ಲ."

"ಯಾಕ? ನಿಮ್ಮ ಸಾಲಿ ಪಡಸಾಲ್ಯಾಗೂ ಇಂಥ ಹುಡುಗ್ರು ಇರತಾರಲ್ರೀ, ಅವರನ್ನ ಕೇಳ್ರಿ. ಬರ್ರಿ, ಇವತ್ತ ನಮ್ಮ ಮಲ್ಕಮ್ಮ ತೋರಸ್ತಾಳ."

ಮಾಸ್ತರರೆಲ್ಲ ಪಡಸಾಲೆಗೆ ಬಂದು ಸಾಲಾಗಿ ನಿಂತರು. ಗಂಗುಬಾಯಿ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದಳು.

"ಬಾರವಾ," ಎಂದರು ಗುಂಡೇರಾಯರು. "ಮಾಸ್ತರಗೋಳಿಗೆ ತೋರಸು. ಇವತ್ತ ನೀನ ಇವರ ಗುರು."

ಮಲ್ಕಮ್ಮ ಅಂಗಳದಲ್ಲಿ ನಿಂತೇ ಇದ್ದಳು. ತಂಬಿಗೆಯ ಅಂಚಿನಿಂದ ಒಂದು ಹನಿ ಜಾರಿ ಬಿತ್ತು. ಅದು ಬಿದ್ದಲ್ಲಿ ಮಣ್ಣಿನ ವಾಸನೆ ಎದ್ದಿತು. ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಆಳಂದದ ಯಾವುದೋ ಶಾಲೆಯ ಪಡಸಾಲೆ ಅವಳ ಕಣ್ಣಿಗೆ ಕಟ್ಟಿತು. ಜೇವರ್ಗಿಯ ಪಡಸಾಲೆ. ಅಲ್ಲೊಬ್ಬಳು, ಇಲ್ಲೊಬ್ಬಳು, ಕರಿಹಲಗೆಯ ಮೂಲೆ ನೋಡುತ್ತ ಕೂತ ಹುಡುಗಿ. ಯಾರೋ ಬಂದು ಅವಳಿಗೆ ಹೇಳುತ್ತಾರೆ: ಚಂದಂಗ ಕಲಿಸು, ಒಳಗ ಕೂಡಸ್ತೇನಿ.

"ಏನು ನೋಡ್ತಿ? ಬೊಗಸಿ ಹಿಡಿ ಬೇ," ಗಂಗುಬಾಯಿ ತಂಬಿಗೆ ಎತ್ತಿದಳು. "ನೀರಡಸಿಲ್ಲೇನು?"

"ನೀರಡಸ್ಯಾವ."

"ಮತ್ತ ಹಿಡಿ!"

ಮಲ್ಕಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಗಂಗುಬಾಯಿ ಆಗಲೇ ತಂಬಿಗೆ ಬಗ್ಗಿಸಿದ್ದಳು. ನೀರು ನೆಲಕ್ಕೆ ಬಿದ್ದು ಮಲ್ಕಮ್ಮನ ಕಾಲಿಗೆ ಸಿಡಿಯಿತು. ಮಾಸ್ತರರ ಸಾಲಿನಲ್ಲಿ ಗುಸುಗುಸು ಎದ್ದಿತು.

"ಏ ಹುಡುಗಿ!" ಧರ್ಮಣ್ಣ ಗದರಿದರು. ಗೌಡರು ನೋಡುತ್ತಿದ್ದುದನ್ನು ಕಂಡು ದನಿ ಇಳಿಸಿದರು. "ತೋರಸು. ನಾಳಿಂದ ಒಳಗ ಕೂಡಸ್ತೇನಿ. ಖರೇನ. ಗೌಡ್ರ ಮುಂದ ಹೇಳಾಕತ್ತೇನಿ ನೋಡು."

"ಮಲ್ಕೀ, ತೋರಸ ಬೇ," ಎಂದಳು ತುಳಜಾಬಾಯಿ ಬಾಗಿಲಿನಿಂದ. "ನನಗ ತೋರಿಸಿದಿಯಲ್ಲ, ಹಂಗ." ಮಲ್ಕಮ್ಮ ಅವಳನ್ನು ನೋಡಿದಳು. ತುಳಜಾಬಾಯಿ ಇನ್ನೂ ಒದ್ದೆಯಾಗಿದ್ದ ತನ್ನ ಅಂಗೈಗಳನ್ನು ನೋಡಿಕೊಂಡಳು, ಮೆಲ್ಲಗೆ ಸೆರಗಿನಲ್ಲಿ ಮುಚ್ಚಿಕೊಂಡಳು.

ಒಳಗೆ ಚಾಪೆ ಕಾಣುತ್ತಿತ್ತು. ಅದರಾಚೆ ಕರಿಹಲಗೆ. ಬಾಗಿಲು ಇಷ್ಟು ಅಗಲ ತೆರೆದಿದ್ದನ್ನು ಮಲ್ಕಮ್ಮ ಎಂದೂ ಕಂಡಿರಲಿಲ್ಲ. ಇಡೀ ಹಲಗೆ ಕಾಣುತ್ತಿತ್ತು. ಅವಳು ಅದನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು.

ಗುಂಡೇರಾಯರು ಮೆಟ್ಟಿಲಿಳಿದು ಬಂದರು. "ಒಂದು ಸಲ, ಅಷ್ಟ. ಇವರು ಕಲೀಬೇಕಲ್ಲವಾ?"

"ಇದನ್ನ ಮತ್ಯಾರಿಗೂ ನಾ ಕಲಿಸಂಗಿಲ್ರಿ," ಎಂದಳು ಮಲ್ಕಮ್ಮ.

ಗಂಗುಬಾಯಿ ಮತ್ತೆ ತಂಬಿಗೆ ಎತ್ತಿದಳು. ಮಲ್ಕಮ್ಮನ ಕೈಗಳು ಬೆನ್ನ ಹಿಂದೆಯೇ ಇದ್ದವು.