ಶಿವಕುಮಾರಿಯ ಬೋಣಿ

ದೊಡ್ಡಬಸಪ್ಪ ಸಿಂಧನೂರಿನ ತನ್ನ ಲಗ್ನಪತ್ರಿಕೆ ಅಂಗಡಿಯ ಅರ್ಧ ಪಾಲನ್ನು ಅಳಿಯ ಪಂಪಾಪತಿಗೆ ಬರೆದುಕೊಟ್ಟ ದಿನವೇ, ಅಲ್ಲಿ ಪತ್ರಿಕೆಗಳ ವಿನ್ಯಾಸ ಮಾಡುತ್ತಿದ್ದ ಶಿವಕುಮಾರಿಯ ಹೊಟ್ಟೆಗೆ ಬೆಂಕಿ ಬಿತ್ತು. ಬೀಳದೇ ಇರುತ್ತದೆಯೇ? ಆ ಪಾಲು ನಿನಗೇ ಎಂದು ವರ್ಷಗಟ್ಟಲೆ ಮೂಗಿಗೆ ತುಪ್ಪ ಸವರಿದ್ದ ಮುದುಕ. ತುರ್ವಿಹಾಳದಿಂದ ಜವಳಗೇರಾದವರೆಗೆ ಯಾರ ಮದುವೆಯ ಪತ್ರಿಕೆ ನೋಡಿದರೂ ಅದರ ಬಳ್ಳಿ, ಬಾಸಿಂಗ, ಗಣಪತಿ ಎಲ್ಲಾ ಅವಳ ಕೈಯವು. ಅಳಿಯನೋ, ಲಿಂಗಸುಗೂರಿನಲ್ಲಿ ಜೆರಾಕ್ಸ್ ಹೊಡೆದುಕೊಂಡಿದ್ದವನು!

ಮಸ್ಕಿಯಲ್ಲಿ ತಾನೇ ಅಂಗಡಿ ಇಡಬೇಕು. ಮಾಡಿದ ವಿನ್ಯಾಸಗಳೆಲ್ಲಾ ತನ್ನ ಹತ್ತಿರ ಇರಬೇಕು, ಮುದುಕನ ಹತ್ತಿರ ಒಂದೂ ಉಳಿಯಬಾರದು. ಆಗ ಗಿರಾಕಿಗಳು ತಾವಾಗಿಯೇ ಬರುತ್ತಾರೆ.

ಫೈಲುಗಳನ್ನು ಒಂದೊಂದಾಗಿ ಕದಿಯುವುದು ದಡ್ಡರ ಕೆಲಸ. ಫಾಂಟು ಇಲ್ಲೇ ಉಳಿದರೆ ಅಲ್ಲಿ ಅಕ್ಷರಗಳ ಬದಲು ಬರೀ ಡಬ್ಬಿಗಳು ಕಾಣುತ್ತವೆ. ಅವಳು ಇಡೀ ಹಾರ್ಡ್ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದಂತೆ ನಕಲು, ತೆಗೆಯಲು ನಿಶ್ಚಯಿಸಿದಳು. ಅದು ಮನೆಯ ಸಾಮಾನು ಸಾಗಿಸುವುದಲ್ಲ, ಮೂಲೆಯ ಧೂಳಿನ ಸಮೇತ ಮನೆಯನ್ನೇ ಎತ್ತಿಕೊಂಡು ಹೋಗುವುದು. ಮುದುಕ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆಯುವ ಮಧ್ಯಾಹ್ನ ಪೆನ್‌ಡ್ರೈವಿನ ಸಾಫ್ಟ್‌ವೇರಿನಿಂದ ಕಂಪ್ಯೂಟರ್ ಚಾಲೂ ಮಾಡಿದಳು. ಅದು ಡಿಸ್ಕನ್ನು ಒಂದಿಂಚೂ ಬಿಡದೆ ಓದಿ, ಒಂದೇ ಫೈಲಾಗಿ ಕುಗ್ಗಿಸಿ, ಅವಳ ಪುಟ್ಟ ಡಿಸ್ಕಿಗೆ ತುಂಬಿತು. ಪಾಸ್‌ವರ್ಡ್ ಹಾಕಿದಳು. ಆಮೇಲೆ ಮೂಲ ಡಿಸ್ಕನ್ನು ಬಿಚ್ಚಿ, ನೆಲದ ಕಲ್ಲಿಗೆ ಕುಟ್ಟಿ, ಮತ್ತೆ ಕೂರಿಸಿದಳು. ಬೇರೆ ಪ್ರತಿ ಎಲ್ಲೂ ಇಲ್ಲ. ಪ್ರತಿ ತೆಗೆದಿಡುವ ಕೆಲಸ ಅವಳದೇ ಆಗಿತ್ತು.

"ಕರೆಂಟ್ ಹೆಚ್ಚುಕಮ್ಮಿ ಆಗಿ ಡಿಸ್ಕ್ ಸುಟ್ಟೈತ್ರೀ ಕಾಕಾ," ಎಂದಳು.

ಮುದುಕ ಕುರ್ಚಿ ಹಿಡಿದು ಕೂತ. "ಹೋಗ್ಲಿ ಬಿಡವಾ. ನಿನ್ನ ಕೈ ಐತಲ್ಲ, ಮತ್ತ ಮಾಡಿದ್ರಾತು."

ಥೂ, ಒಳ್ಳೆಯ ಮಾತಾಡುವುದಕ್ಕೂ ಇವನಿಗೆ ಇದೇ ಹೊತ್ತು ಬೇಕಿತ್ತೇ! ಅವ್ವನಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಕೆಲಸ ಬಿಟ್ಟಳು.

ಮಸ್ಕಿಯ ಬಾಡಿಗೆ ಮಳಿಗೆಯಲ್ಲಿ ಹೊಸ ಕಂಪ್ಯೂಟರಿಗೆ ಆ ಇಮೇಜನ್ನು ಇಳಿಸಿದಳು. ಫಾಂಟು, ಫೋಲ್ಡರು, ಪರದೆಯ ಮೇಲಿನ ಬಸವಣ್ಣ, ಎಲ್ಲವೂ ಇದ್ದಲ್ಲೇ ಇದ್ದವು. ಇಂಟರ್‌ನೆಟ್ ಹಾಕಿಸಿಕೊಂಡಳು. ರಾಹುಕಾಲ ಕಳೆದ ಮೇಲೆ, ಬೋಣಿಯ ಕೆಲಸವೆಂದು, ತನ್ನದೇ ಅಂಗಡಿಯ ಪೂಜೆಯ ಪತ್ರಿಕೆ ಮಾಡಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು. ಎಷ್ಟು ವರ್ಷ ಬೇರೆಯವರ ಹೆಸರು ಬರೆದ ಕೈ ಅದು! ಕಣ್ಣು ತುಂಬಿ ಬಂತು. ಸೇವ್ ಒತ್ತಿದಳು. ಇನ್ನೂ ಮುದ್ರಿಸಿರಲಿಲ್ಲ, ಯಾರಿಗೂ ತೋರಿಸಿರಲಿಲ್ಲ.

ಫೋನ್ ಬಂತು. ದೊಡ್ಡಬಸಪ್ಪ.

"ಲಿಂಗಸುಗೂರಾಗ ಅಳಿಯನ ಅಂಗಡ್ಯಾಗ ಅದೀನವಾ. ಹಿಂದ ನೀ ರಜಾ ಹಾಕಿದ್ದಾಗ ಇಂವ ನಮ್ಮ ಕಂಪ್ಯೂಟರಿಗೆ ಏನೋ ಹಾಕಿದ್ನಂತ, ಇವತ್ತ ಬಾಯಿ ಬಿಟ್ಟ. ಅದರಾಗ ಏನ ಸೇವ್ ಮಾಡಿದ್ರೂ ಇಂಟರ್‌ನೆಟ್‌ನ್ಯಾಗ ಇಲ್ಲಿಗೂ ಬರ್ತೈತಂತ. ನಮ್ಮ ಹಳೇ ಪತ್ರಿಕಿ ಎಲ್ಲಾ ಇಲ್ಲೇ ಅದಾವು, ದೇವರು ದೊಡ್ಡಾಂವ." ಮುದುಕನ ದನಿ ತಗ್ಗಿತು. "ಆದ್ರ ಶಿವಮ್ಮಾ, ನಮ್ಮ ಕಂಪ್ಯೂಟರ್ ಸತ್ತು ಭಾಳ ದಿನಾತು. ಈಗ ಅದರಾಗಿಂದ ನಿನ್ನ ಹೆಸರಿನ ಪತ್ರಿಕಿ ಹೆಂಗ ಬಂತವಾ?"