ಕೆಂಪು ಪಟ್ಟಿಯ ಮರ

ಹೆಣವನ್ನು ಪೊಲೀಸರಿಗಿಂತ ಮೊದಲು ಪ್ರವಾಸಿಗರ ಕ್ಯಾಮೆರಾಗಳು ಕಂಡವು.

ನಮ್ಮ ದ್ವೀಪದ ಪೆಟಿಟ್ ಮಾರ್ ಕೊಲ್ಲಿಯಲ್ಲಿ, ನಮ್ಮವರು ಯಾರೂ ಕಾಲಿಡದ ತುದಿಯ ಮರದಡಿ, ಪ್ರವಾಸಕ್ಕೆ ಬಂದಿದ್ದ ಲಿನ್ ಪ್ರೆಂಟಿಸ್ ಈಜುಡುಗೆಯಲ್ಲಿ ಬೋರಲಾಗಿ ಬಿದ್ದಿದ್ದಳು. ತಲೆಯ ಹಿಂಭಾಗ ಒಡೆದಿತ್ತು. ಮಳೆ ಆಗಷ್ಟೇ ನಿಂತು ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಕಾನ್‌ಸ್ಟೇಬಲ್ ಜೋನಸ್ ಕಾಂಡದ ಮೇಲಿನ ಕೆಂಪು ಪಟ್ಟಿ ನೋಡಿ ಹಿಂಜರಿದ.

"ಏನಯ್ಯಾ ನಿಂತೆ? ಜನ ಫೋಟೊ ತೆಗೀತಿದಾರೆ. ಎತ್ತು ಬೇಗ," ಎಂದು ಸೂಪರಿಂಟೆಂಡೆಂಟ್ ಫೆಲಿಕ್ಸ್ ಗದರಿದರು.

ಜೋನಸ್ ಕಾಲರ್ ಮೇಲೆಳೆದುಕೊಂಡು ಮರದಡಿ ನುಗ್ಗಿದ.

ಲಿನ್‌ಳ ಗಂಡ ಹೋವರ್ಡ್ ಈಜುಚಡ್ಡಿಯಲ್ಲಿ, ಬರಿಮೈಯಲ್ಲಿ ನಡುಗುತ್ತಿದ್ದ. "ನಾಲ್ಕು ಗಂಟೆಗೆ ಮಳೆ ಬಂತು. ಇಬ್ಬರೂ ಈ ಮರದಡಿ ನಿಂತ್ವಿ. ಜಡೆಗೂದಲಿನ ಎಳನೀರಿನವನು ಹಿಂದಿನಿಂದ ಹೊಡೆದ. ನಾನೂ ಅರ್ಧ ಗಂಟೆ ಎಚ್ಚರ ಇಲ್ಲದೆ ಇಲ್ಲೇ ಬಿದ್ದಿದ್ದೆ."

ಸಾರ್ಜೆಂಟ್ ವರ್ನಾ ಚಾರ್ಲರಿ ಎಲ್ಲವನ್ನೂ ಬರೆದುಕೊಂಡಳು.

*

ಜಟೆಗಟ್ಟಿದ ಕೂದಲು ಬಿಟ್ಟವರೆಂದರೆ ನಮ್ಮ ಪೊಲೀಸರಿಗೆ ಸದಾ ಅನುಮಾನ. ಜಡೆಗೂದಲಿನ ಎಳನೀರಿನವನು ಎಂದರೆ ನಮ್ಮ ದ್ವೀಪದಲ್ಲಿ ಅಲ್ಫಿಯಸ್ ಒಬ್ಬನೇ. ಅವನ ಗಾಡಿಯಲ್ಲಿ ಲಿನ್‌ಳ ತಂಪು ಕನ್ನಡಕ ಸಿಕ್ಕಿತು.

"ಬೆಳಿಗ್ಗೆ ಎಳನೀರು ಕುಡಿದು ಮರೆತು ಹೋದ್ರು, ವರ್ನಕ್ಕ. ಕೊಡೋಣ ಅಂತ ಇಟ್ಕೊಂಡಿದ್ದೆ."

"ನಾಲ್ಕು ಗಂಟೆಗೆ ಎಲ್ಲಿದ್ದೆ?"

"ಅಲ್ಲೀವರೆಗೂ ಹಡಗುಕಟ್ಟೇಲಿ. ಮಳೆ ಶುರುವಾದ ಮೇಲೆ ಕೊಲ್ಲಿ ದಾರೀಲಿ ಮನೆಗೆ ಹೊರಟೆ. ಆ ಗಂಡ ಕಾರಲ್ಲಿ ಎದುರಿಗೇ ಸಿಕ್ಕ. ಒಬ್ಬನೇ ಇದ್ದ."

ವರ್ನಾ ಫೆಲಿಕ್ಸ್ ಕಡೆ ತಿರುಗಿದಳು. "ಸಾರ್, ಇವನು ಸುಳ್ಳು ಹೇಳೋನಲ್ಲ."

"ಅದು ನಿನಗೆ ಗೊತ್ತು. ಪ್ರವಾಸಿ ಹಡಗಿನವರಿಗೆ ಗೊತ್ತಾ? ಗುರುವಾರ ಎರಡು ಸಾವಿರ ಜನ ಇಳೀತಾರೆ. ಬೆಳಗಾಗೋದ್ರೊಳಗೆ ನನಗೆ ತಪ್ಪೊಪ್ಪಿಗೆ ಬೇಕು. ನೀನು ಮನೆಗೆ ಹೋಗು."

ವರ್ನಾ ಮನೆಗೆ ಹೋದಳು. ಹೋಟೆಲಿನ ಅಭಿಪ್ರಾಯ ಪುಸ್ತಕದಲ್ಲಿ ಅಂದೇ ಯಾರೋ ಬರೆದರು: ಇಲ್ಲಿನ ಪೊಲೀಸರು ಚುರುಕು, ಈಗ ಧೈರ್ಯವಾಗಿದೆ.

*

ಬೆಳಿಗ್ಗೆ ಠಾಣೆಯಲ್ಲಿ ಜೋನಸ್ ಕುತ್ತಿಗೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಕಿವಿಯಿಂದ ಭುಜದವರೆಗೆ ಬೊಬ್ಬೆ ಎದ್ದಿತ್ತು.

"ನಿನ್ನೆ ಮರದ ಹನಿ, ಮೇಡಂ. ಐದೇ ನಿಮಿಷ ನಿಂತಿದ್ದು."

ವರ್ನಾ ಆ ಬೊಬ್ಬೆಗಳನ್ನು ಹತ್ತಿರದಿಂದ ನೋಡಿದಳು. ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದಳು. ಆಮೇಲೆ ಫೆಲಿಕ್ಸ್‌ರನ್ನು ಕರೆದುಕೊಂಡು ಹೋಟೆಲಿಗೆ ಹೋದಳು. ಹೋವರ್ಡ್ ಈಜುಕೊಳದ ಪಕ್ಕ ಬರಿಮೈಯಲ್ಲಿ ಕೂತು ಮೊಟ್ಟೆ ತಿನ್ನುತ್ತಿದ್ದ. ಬೆನ್ನು ನುಣ್ಣಗಿತ್ತು.

"ಆ ಮರ ಮ್ಯಾಂಚಿನೀಲ್, ಮಿಸ್ಟರ್ ಪ್ರೆಂಟಿಸ್. ಅದರ ಹಾಲು ಮಳೇಲಿ ಬೆರೆತು ಮೈಮೇಲೆ ಬಿದ್ರೆ ಚರ್ಮ ಸುಡುತ್ತೆ. ಕೆಂಪು ಪಟ್ಟಿ ಬಳಿದಿರೋದು ಅದಕ್ಕೇ. ಅರ್ಧ ಗಂಟೆ ಅದರಡಿ ಬಿದ್ದಿದ್ದೆ ಅಂದ್ರಿ. ಎಲ್ಲಿ, ಒಂದು ಬೊಬ್ಬೆ ತೋರಿಸಿ."

ಹೋವರ್ಡ್ ಚಮಚ ಕೆಳಗಿಟ್ಟ.

"ನಿಮ್ಮ ಹೆಂಡತಿ ಬೆನ್ನಲ್ಲೂ ಇಲ್ಲ. ಸತ್ತ ಮೈಗೆ ಬೊಬ್ಬೆ ಏಳಲ್ಲ ಅಂತಾರೆ ಡಾಕ್ಟರ್. ಅಂದ್ರೆ ಮಳೆಗೆ ಮೊದಲೇ ಅವರು ಸತ್ತಿದ್ರು. ಆಗ ಅಲ್ಫಿಯಸ್ ಹಡಗುಕಟ್ಟೇಲಿ ನೂರು ಜನರ ಮುಂದೆ ಎಳನೀರು ಕೆತ್ತುತ್ತಿದ್ದ. ಮಳೇಲಿ ಕಾರಲ್ಲಿ ಹೋಗ್ತಿದ್ದಾಗ ಅವನು ನಿಮಗೆ ದಾರಿಯಲ್ಲಿ ಕಂಡ. ನೀವು ವಾಪಸ್ ಬಂದು ಕೊಲೆಯನ್ನ ಆ ಹೊತ್ತಿಗೆ ತಂದು ಕೂರಿಸಿದ್ರಿ."

ಹೋವರ್ಡ್ ತಟ್ಟೆಯನ್ನು ಆಚೆ ತಳ್ಳಿದ. "ನನ್ನ ಬಿಟ್ಟು ಹೋಗ್ತೀನಿ ಅಂದ್ಳು. ಕಲ್ಲು ಕೈಗೆ ಸಿಕ್ತು." ಆಮೇಲೆ ಫೆಲಿಕ್ಸ್‌ರ ಮುಖ ನೋಡಿದ. "ಜಡೆಗೂದಲಿನವನು ಅಂದ್ರೆ ಸಾಕು, ನೀವು ನಂಬ್ತೀರ ಅಂತ ಗೊತ್ತಿತ್ತು."

ಫೆಲಿಕ್ಸ್ ತಲೆ ತಗ್ಗಿಸಿದರು. ಈಜು ಕಲಿಸುವ ಮೊದಲೇ ನಮ್ಮ ತಾಯಂದಿರು ಆ ಮರದ ಭಯ ಕಲಿಸುತ್ತಾರೆ. ಆದರೂ ಅತಿಥಿ ಎತ್ತು ಈಯಿತು ಎಂದ, ನಾವು ಕೊಟ್ಟಿಗೆಗೆ ಕಟ್ಟಿದೆವು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

*

ಅಭಿಪ್ರಾಯ ಪುಸ್ತಕದಲ್ಲಿ ಹೊಸ ಸಾಲು ಬಂತು: ಪೊಲೀಸರು ಅತಿಥಿಗಳ ಜೊತೆ ಒರಟು.

ಗುರುವಾರ ಹಡಗು ಬಂತು. ಅಲ್ಫಿಯಸ್ ಗಾಡಿಯ ಹಿಂದೆ ಕೂತಿದ್ದ. ಹಡಗಿನ ಹೆಂಗಸರು ಅವನನ್ನು ಕಂಡು ಚೀಲ ಎದೆಗವಚಿಕೊಂಡು ರಸ್ತೆಯ ಆಚೆ ಬದಿಗೆ ದಾಟಿದರು. ವರ್ನಾ ಬಂದು ಗಾಡಿಯ ಮುಂದೆ ನಿಂತಳು.

"ಒಂದು ಎಳನೀರು ಕೊಡು, ಅಲ್ಫಿಯಸ್."

ಅವನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಆ ರಾತ್ರಿ ಠಾಣೆಯಲ್ಲಿ ನಾಲ್ಕು ಬೆರಳು ಮುರಿದಿದ್ದವು. ಎಡಗೈಯಿಂದ ಅವನು ಮಚ್ಚನ್ನು ಅವಳ ಕಡೆ ಸರಿಸಿದ.

"ನೀವೇ ಕೆತ್ಕೊಳ್ಳಿ, ಸಾರ್ಜೆಂಟ್."