ದಿನಕ್ಕೊಂದೇ ವಾಕ್ಯ

"ನಿನ್ನನ್ನ ಯಾರು ಕರೆದಿದ್ದು?"

ಏಳು ತಿಂಗಳ ನಂತರ ಗಂಡನ ಬಾಯಿಂದ ಬಂದ ಮೊದಲ ಮಾತು ಇದು! ಆಸ್ಪತ್ರೆಯ ಹಾಸಿಗೆ, ಬೋಳು ತಲೆ, ಊದಿದ ಮುಖ, ಕಿವಿಯ ಮೇಲೆ ಹೊಲಿಗೆಯ ಗುರುತು. ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ.

"ನಿಮ್ಮಕ್ಕ. ನಾಲ್ಕು ವಾರ ಮನೆಯವರು ಒಬ್ರು ಜೊತೆಗಿರ್ಲೇಬೇಕಂತೆ."

"ಅಕ್ಕನ ಬಾಯಲ್ಲಿ ಮಾತು ನಿಲ್ಲಲ್ಲ." ಅವನು ಗೋಡೆಯ ಕಡೆ ತಿರುಗಿದ.

ಏಳು ತಿಂಗಳ ಹಿಂದೆ ಅವಳನ್ನು ತವರಿಗೆ ಕಳಿಸಿ, ಆಮೇಲೆ ಫೋನಿನಲ್ಲಿ ಒಂದೇ ಮಾತು ಹೇಳಿದ್ದ: "ಬೀಗ ಬದಲಾಯಿಸಿದೀನಿ. ಬರಬೇಡ." ಯಾಕೆಂದು ಅಂಗಲಾಚುವ ಹೆಣ್ಣಲ್ಲ ಅವಳು. ಹೊಲಿಗೆ ಯಂತ್ರದ ಮುಂದೆ ಕೂತು ಯಾರ್ಯಾರದೋ ಮದುವೆ ಬಟ್ಟೆ ಹೊಲಿದಳು. ಹಿಂದೊಮ್ಮೆ ತೆಗೆಸಿದ್ದ ಅವನ ತಲೆಯ ಗೆಡ್ಡೆ ಮರಳಿ ಬಂದದ್ದು ಅವಳಿಗೆ ಗೊತ್ತಾಗಿದ್ದೇ ಮೊನ್ನೆ.

ಅವನದೇ ರಕ್ತದ ಕಣಗಳಿಗೆ ಕ್ಯಾನ್ಸರನ್ನು ಗುರುತಿಸಲು ಕಲಿಸಿ, ತಲೆಯೊಳಗೆ ಬಿಡುವ ಹೊಸ ಪ್ರಯೋಗ. ಗುಣವಾಗುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಕಣಗಳು ಮಿದುಳನ್ನೇ ಕೆಣಕಿದರೆ ಮೊದಲು ಕೈಬರಹ ಕೆಡುತ್ತದಂತೆ. ಅದಕ್ಕೇ ದಿನಾ ಬೆಳಿಗ್ಗೆ ಅದೇ ಒಂದು ವಾಕ್ಯ ಬರೆಸಲು ನರ್ಸಮ್ಮ ಕಾಗದ ಹಿಡಿದು ಬರುತ್ತಿದ್ದರು.

"ಮೊದಲ ದಿನ ಬರೆದ ವಾಕ್ಯವೇ, ಅಣ್ಣ. ಕಳ್ಳಾಟ ಬೇಡ!"

ಅವನು ಎಡಗೈಯಿಂದ ಕಾಗದ ಮುಚ್ಚಿಕೊಂಡೇ ಬರೆಯುತ್ತಿದ್ದ.

'ಅದನ್ನೂ ನನ್ನಿಂದ ಮುಚ್ಚಿಡ್ತಾರೆ...' ಅಂದುಕೊಂಡಳು. ನೋವೂ ಆಗಲಿಲ್ಲ.

ಐದನೆಯ ದಿನ ಜ್ವರ. ಪೆನ್ನು ಕಾಗದದ ಮೇಲೆ ಸುಮ್ಮನೆ ಸುತ್ತಿತು, ಒಂದು ಅಕ್ಷರವೂ ಮೂಡಲಿಲ್ಲ. ನರ್ಸಮ್ಮ ಗಾಬರಿಯಿಂದ ಹಳೆಯ ನಾಲ್ಕು ಹಾಳೆಗಳನ್ನು ಹಾಸಿಗೆಯ ಮೇಲೆ ಹರಡಿದರು. "ನೋಡಿಮ್ಮಾ, ನಿನ್ನೆವರೆಗೂ ಎಷ್ಟು ಚೆನ್ನಾಗಿ ಬರೆದಿದ್ರು!"

ನಾಲ್ಕರಲ್ಲೂ ಅವನ ದುಂಡು ಅಕ್ಷರ.

'ಮನೆಯ ಬೀಗ ಬದಲಾಯಿಸಿಲ್ಲ.'

ಅವಳು ಓದಿದಳು. ಮತ್ತೆ ಓದಿದಳು. ಕೈ ತಾನಾಗಿ ಚೀಲದೊಳಗೆ ಹೋಯಿತು. ದಾರದ ಉಂಡೆಗಳ ಕೆಳಗೆ ಹಳೆಯ ಬೀಗದ ಕೈ ತಣ್ಣಗೆ ಬಿದ್ದಿತ್ತು.

ಮೂರು ದಿನ ನರದೊಳಗೆ ಔಷಧಿ ಇಳಿಯಿತು. ತನ್ನ ಹೆಸರೇನೆಂದು ಕೇಳಿದರೂ ಅವನಿಗೆ ಹೇಳಲಾಗಲಿಲ್ಲ. ಅವಳು ಪಕ್ಕದಲ್ಲೇ ಕೂತಿದ್ದಳು, ಕಲ್ಲಿನಂತೆ.

ಎಂಟನೆಯ ಬೆಳಿಗ್ಗೆ ಪೆನ್ನು ನಿಧಾನವಾಗಿ ಹರಿಯಿತು. 'ಮನೆಯ ಬೀಗ' ಎಂದು ಸೊಟ್ಟಗೆ ಬರೆದು ನಿಲ್ಲಿಸಿದ. ಈ ಸಲ ಎಡಗೈ ಅಡ್ಡ ಬರಲಿಲ್ಲ. ಅವಳು ಬೀಗದ ಕೈಯನ್ನು ಕಾಗದದ ಮೇಲಿಟ್ಟಳು.

"ಯಾಕೆ ಸುಳ್ಳು ಹೇಳಿದ್ರಿ?"

"ನಾನು... ಸಾಯೋದನ್ನ... ನೀನು ನೋಡಬಾರ್ದು ಅಂತ."

"ನನ್ನನ್ನ ಒಂದು ಮಾತು ಕೇಳಿದ್ರಾ?"

"ಇಲ್ಲ... ತಪ್ಪಾಯ್ತು. ನೀನಿಲ್ಲದೆ ಆಗಲ್ಲ ಕಣೇ." ಅವನು ಎಡಗೈಯಿಂದ ಬೀಗದ ಕೈ ಮುಟ್ಟಿದ. "ಇದರಿಂದ್ಲೂ ವಾಸಿ ಆಗ್ದಿದ್ರೆ?"

"ಆಗ್ಲೂ ಅದೇ ಬೀಗ ತಾನೇ, ರೀ?"

ಏಳು ತಿಂಗಳ ಮೇಲೆ ಅವಳ ಕಣ್ಣು ತುಂಬಿತು. ಪೆನ್ನು ಹಿಡಿದ ಅವನ ಕೈಯತ್ತ ಕೈ ಚಾಚಿದಳು.

"ಬರೆಯೋಕೆ ಸಹಾಯ ಮಾಡೋ ಹಾಗಿಲ್ಲಮ್ಮಾ!" ನರ್ಸಮ್ಮ ಗದರಿದರು.

"ಎಡಗೈ ಹಿಡ್ಕೋಬಹುದಾ?"

"ಅದನ್ನ ಹಿಡ್ಕೊಳ್ಳಿ."

ಹಿಡಿದಳು. ಅವನು ವಾಕ್ಯ ಮುಗಿಸಿದ.